ಕಾಲುವೆ ಹೊಲದ ಪಟ್ಟೆಗಳು

ಪಕ್ಕದ ಹೊಲಗಳಲ್ಲೆಲ್ಲ ಗೋಧಿ ಹುಟ್ಟಿತ್ತು. ಬದುವಿನ ಮೇಲೆ ನಿಂತು ನೋಡಿದರೆ, ಸುಟ್ಟು ಉತ್ತ ಕಪ್ಪು ನೆಲಕ್ಕೆ ಯಾರೋ ಹಸಿರು ದಾರದಲ್ಲಿ ಹೊಲಿಗೆ ಹಾಕಿದಂತೆ ಸಾಲುಗಳು ಕಾಣುತ್ತಿದ್ದವು. ನಮ್ಮ ಕಾಲುವೆ ಹೊಲದಲ್ಲಿ ಕಾಣುತ್ತಿದ್ದದ್ದು ಭತ್ತದ ಒಣಹುಲ್ಲು ಮಾತ್ರ.

"ಪುಟ್ಟಿ, ನೀನು ಬಿತ್ತಿದ್ದೀಯೋ, ಹಾಸಿಗೆ ಹಾಸಿದ್ದೀಯೋ?" ಎಂದು ಅಣ್ಣ ಕೇಳಿದ.

"ಹಾಸಿಗೆ ಹಾಸಿ ಮಲಗಿಸಿದ್ದೀನಿ. ಏಳ್ತವೆ, ತಾಳು."

"ಎಲ್ಲರ ಮನೆ ಮಕ್ಕಳೂ ಎದ್ದು ಆಟಕ್ಕೆ ಹೋದ್ವು. ನಿನ್ನವು ಇನ್ನೂ ಮುಸುಕು ಹೊದ್ದು ಮಲಗಿವೆ."

ನಗುತ್ತಲೇ ಹೇಳಿದನಾದರೂ ಅವನ ಕಣ್ಣು ಹೊಲದ ಮೇಲಿತ್ತು, ನನ್ನ ಮೇಲಿರಲಿಲ್ಲ. ನಕ್ಕು ಮುಗಿದ ಮೇಲೆ ಹೇಳಬೇಕಾದ್ದನ್ನು ಹೇಳಿದ. ಭಾನುವಾರದವರೆಗೆ ನೋಡುತ್ತಾನೆ. ಅಷ್ಟರಲ್ಲಿ ಹೊಲ ಹಸಿರಾಗದಿದ್ದರೆ ರೋಟವೇಟರ್ ಹೊಡೆದು ಎಲ್ಲವನ್ನೂ ಮಣ್ಣಿಗೆ ತಿರುವಿ ಹೊಸದಾಗಿ ಬಿತ್ತುತ್ತಾನೆ. ಅದಕ್ಕಿಂತ ತಡಮಾಡಲಾಗದು. ಚಳಿ ಇರುವಾಗಲೇ ಗೋಧಿ ಬೆಳೆಯಬೇಕು, ಇಲ್ಲದಿದ್ದರೆ ಕಾಳು ಕಟ್ಟುವ ಹೊತ್ತಿಗೆ ಬಿಸಿಲು ಬಡಿದು ಜೊಳ್ಳಾಗುತ್ತದೆ. ಈ ಲೆಕ್ಕದಲ್ಲಿ ಅವನ ತಪ್ಪೇನೂ ಇರಲಿಲ್ಲ. ಅದೇ ನನ್ನ ಕಷ್ಟ.

ಕಾಲುವೆ ಹೊಲವನ್ನು ನಾನೇ ಕೇಳಿ ತೆಗೆದುಕೊಂಡಿದ್ದೆ. ಪಟ್ಟಣದ ಬೀಜ ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವಳು ನಾನು. ಒದ್ದೆ ಕಾಗದದ ಮೇಲೆ ಬೀಜ ಹರಡಿ, ಸುರುಳಿ ಸುತ್ತಿಟ್ಟು, ಎಷ್ಟು ಮೊಳೆತವು ಎಂದು ನೋಡಿ ಬರೆಯುವುದು ಅಲ್ಲಿನ ದಿನಚರಿ. ಮೊಳೆತ ಬೀಜದ ಕತೆ ಅಲ್ಲಿ ಕಾಗದದ ಮೇಲೇ ಮುಗಿಯುತ್ತಿತ್ತು. ಮುಂದೇನಾಗುತ್ತದೆ ಎಂದು ನೋಡುವ ಆಸೆ ತಡೆಯಲಾಗದೆ ಕೆಲಸ ಬಿಟ್ಟು ಮನೆಗೆ ಬಂದೆ. ಭತ್ತ ಕೊಯ್ದ ಮೇಲೆ ಉಳಿಯುವ ಹುಲ್ಲು ಮತ್ತು ಕೂಳೆಯನ್ನು ಈ ಬಾರಿ ಸುಡುವುದು ಬೇಡ, ಅದರ ನಡುವೆಯೇ ಗೋಧಿ ಬಿತ್ತೋಣ ಎಂದಾಗ ಅಣ್ಣ ಬಹಳ ಹೊತ್ತು ಗಲ್ಲ ಕೆರೆದುಕೊಂಡ. "ಒಂದು ಬೆಳೆ ತೆಗೆದು ತೋರಿಸು. ಆಮೇಲೆ ಆ ಹೊಲ ನಿಂದು, ಏನಾದ್ರೂ ಮಾಡ್ಕೋ. ಕೆಟ್ಟರೆ ಮಾತ್ರ ನಾನು ಹೇಳಿದ ಹಾಗೆ ಕೇಳಬೇಕು" ಎಂದಿದ್ದ. ನಾನು ಹೂಂ ಅಂದಿದ್ದೆ.

ಹಾಗೆ ಬಿತ್ತಲು ಬೇರೆಯೇ ಕೂರಿಗೆ ಬೇಕು. ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಆ ಯಂತ್ರ ಮುಂದೆ ಸಿಕ್ಕ ಹುಲ್ಲನ್ನು ಕತ್ತರಿಸಿ ಪಕ್ಕಕ್ಕೆ ಸರಿಸುತ್ತದೆ, ಉಳದ ನೆಲದಲ್ಲಿ ಕಿರಿದಾದ ಸೀಳು ಬಿಡಿಸಿ ಕಾಳು ಹಾಕುತ್ತದೆ, ಹುಲ್ಲನ್ನು ಮತ್ತೆ ಮೇಲೆ ಬೀಳಿಸುತ್ತ ಹೋಗುತ್ತದೆ. ಅಂಥದ್ದನ್ನು ಬಾಡಿಗೆಗೆ ಓಡಿಸುವವನೊಬ್ಬ ಬಂದು ಒಂದು ಮಧ್ಯಾಹ್ನ ಬಿತ್ತಿ ಹೋದ. ಬಿತ್ತಿದ ಮೇಲೂ ಹೊಲ ಬಿತ್ತುವ ಮೊದಲಿನಂತೆಯೇ ಕಾಣುತ್ತಿತ್ತು. ಅತ್ತಿಗೆ ಅದನ್ನು ನೋಡಿ, "ಇದೇನು, ಬಂದು ಹೋದ ಗುರುತೇ ಇಲ್ವಲ್ಲ. ಕಳ್ಳರೂ ಇಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡಲ್ಲ" ಎಂದಿದ್ದರು.

ಅಣ್ಣ ಭಾನುವಾರದ ಮಾತು ಹೇಳಿ ಹೋದ ಮೇಲೆ ನಾನು ಹೊಲಕ್ಕಿಳಿದೆ. ಬದುವಿನಿಂದ ಕಾಣದ್ದು ಮೊಣಕಾಲೂರಿದಾಗ ಕಂಡಿತು. ಹೊಲ ಪೂರಾ ಬೋಳಾಗಿರಲಿಲ್ಲ. ನಾಲ್ಕು ಹೆಜ್ಜೆಯಷ್ಟು ಅಗಲಕ್ಕೆ ಹಸಿರು ಮೊಳಕೆ ಚೆನ್ನಾಗಿ ನಿಂತಿತ್ತು. ಆಮೇಲೆ ಅಷ್ಟೇ ಅಗಲಕ್ಕೆ ಏನೂ ಇಲ್ಲ, ಬರೀ ದಪ್ಪ ಹುಲ್ಲು. ಅದನ್ನು ದಾಟಿದರೆ ಮತ್ತೆ ಹಸಿರು, ಅದರಾಚೆ ಮತ್ತೆ ಹುಲ್ಲು. ಹುಲ್ಲಿನ ದಿಬ್ಬಗಳು ಎದುರಿಗಿದ್ದುದರಿಂದ ದೂರಕ್ಕೆ ಹಸಿರು ಮರೆಯಾಗಿತ್ತು. ಹೊಲದ ಈ ತುದಿಯಿಂದ ಆ ತುದಿಯವರೆಗೆ ಹೀಗೇ ಪಟ್ಟೆ ಪಟ್ಟೆ.

ನನಗೆ ದಿಗಿಲಿಗಿಂತ ಮೊದಲು ಕುತೂಹಲ ಹುಟ್ಟಿತು ಎಂದರೆ ಅಣ್ಣ ನಂಬಲಿಕ್ಕಿಲ್ಲ. ಇಲಿ ತಿಂದಿದ್ದರೆ ಅಲ್ಲೊಂದು ಇಲ್ಲೊಂದು ಬೋಳು ಬೀಳಬೇಕಿತ್ತು. ಹಕ್ಕಿಗಳು ಬದುವಿನ ಮರದ ಹತ್ತಿರ ಹೆಚ್ಚು ತಿನ್ನುತ್ತವೆ, ನಡುವೆ ಕಡಿಮೆ. ಬೀಜ ಕೆಟ್ಟದ್ದಾಗಿದ್ದರೆ ಎಲ್ಲೆಡೆ ತೆಳ್ಳಗೆ ಹುಟ್ಟಬೇಕಿತ್ತು. ಇಷ್ಟು ಅಳತೆಯಿಟ್ಟ ಹಾಗೆ ಪಟ್ಟೆ ಬೀಳಿಸುವುದು ಯಾವ ಪ್ರಾಣಿಗೂ ಬಾರದು. ಇದು ಯಂತ್ರದ ಕೆಲಸವೇ ಎಂದು ತೀರ್ಮಾನಿಸಿ ಅಲ್ಲೇ ನಿಂತು ಕೂರಿಗೆಯವನಿಗೆ ಫೋನ್ ಮಾಡಿದೆ.

"ನಿಮ್ಮ ಯಂತ್ರ ಅರ್ಧ ಹೊಲದಲ್ಲಿ ಬೀಜಾನೇ ಹಾಕಿಲ್ಲ."

"ಅಕ್ಕಾ, ಬಿತ್ತುವಾಗ ನೀವೇ ಹಿಂದೆ ಹಿಂದೆ ನಡೀತಿದ್ರಲ್ಲ, ನೋಡ್ಲಿಲ್ವಾ?"

"ಬೀಜ ಇಳಿಯೋ ಕೊಳವೆಗೆ ಹುಲ್ಲು ಸಿಕ್ಕಿ ಕಟ್ಟಿರಬೇಕು."

"ಬಂದು ನೋಡ್ತೀನಿ. ಆದ್ರೆ ನಾನು ಬರೋವರೆಗೆ ಊರಿಗೆಲ್ಲ ಹೇಳ್ಬೇಡಿ. ನನ್ನ ಹೊಟ್ಟೆ ಮೇಲೆ ಹೊಡೀಬೇಡಿ."

ಫೋನ್ ಇಟ್ಟ ಮೇಲೆ ಸಾಲು ಹಿಡಿದು ನಡೆದೆ. ಕೂರಿಗೆ ಹೋದದ್ದು ಕಾಲುವೆಯ ಗುಂಟ, ಮೊಳಕೆಯ ಸಾಲುಗಳಿರುವುದೂ ಹಾಗೆಯೇ. ಒಂದು ಸಾಲನ್ನೇ ಹಿಡಿದು ಹೋದರೆ ಅದು ಹಸಿರಿನಲ್ಲಿ ಸಾಗಿ, ಹುಲ್ಲಿನಲ್ಲಿ ಮುಳುಗಿ, ಆಚೆಗೆ ಅದೇ ನೇರದಲ್ಲಿ ಮತ್ತೆ ಮೇಲೇಳುತ್ತಿತ್ತು. ಪಕ್ಕದ ಸಾಲೂ ಅಲ್ಲೇ ಮುಳುಗಿ ಅಲ್ಲೇ ಏಳುತ್ತಿತ್ತು. ಅದರ ಪಕ್ಕದ್ದೂ ಅಷ್ಟೆ. ಕೊಳವೆ ಕಟ್ಟಿದ್ದರೆ ಒಂದು ಸಾಲು ಉದ್ದಕ್ಕೆ ಕಾಣೆಯಾಗಬೇಕಿತ್ತು. ಇಲ್ಲಿ ಪಟ್ಟೆಗಳು ಸಾಲಿಗೆ ಅಡ್ಡಡ್ಡಲಾಗಿದ್ದವು. ನನ್ನ ತೀರ್ಮಾನಕ್ಕೆ ಒಂದು ಫೋನ್ ಕರೆಯಷ್ಟೂ ಆಯುಸ್ಸಿರಲಿಲ್ಲ.

ದಿಬ್ಬದ ಹುಲ್ಲಿನೊಳಗೆ ಕೈ ಹಾಕಿ ತಳದವರೆಗೆ ಬಿಡಿಸಿದೆ. ಮೇಲೆ ಗರಿಗರಿ ಒಣಗಿದ್ದದ್ದು ಒಳಗೆ ತಂಪಾಗಿ, ಮೆತ್ತಗೆ ಇತ್ತು. ಅದರಡಿ ನೆಲದಲ್ಲಿ ಕೂರಿಗೆಯ ಸೀಳು ಸ್ಪಷ್ಟವಾಗಿತ್ತು. ಸೀಳಿನಿಂದ ಬೆರಳುದ್ದದ ಮೊಳಕೆಗಳು ಎದ್ದಿದ್ದವು, ಹಾಲಿನಷ್ಟು ಬೆಳ್ಳಗೆ. ಎಲೆ ಬಿಚ್ಚದೆ, ದಾರಿ ಸಿಗದೆ, ಹುಲ್ಲಿನ ಕಡ್ಡಿಗಳ ಸಂದಿಯಲ್ಲಿ ಡೊಂಕಾಗಿ ಹೊರಳಿ ಹೊರಳಿ ಮೇಲೆ ಹುಡುಕುತ್ತಿದ್ದವು. ಪ್ರಯೋಗಾಲಯದ ಕತ್ತಲ ಕಪಾಟಿನಲ್ಲಿ ಇಂಥ ಬಿಳಿ ಮೊಳಕೆಗಳನ್ನು ದಿನವೂ ಕಂಡಿದ್ದೆ. ಆದರೆ ಅಲ್ಲಿ ಅವು ಬೆಳಕು ಹುಡುಕುತ್ತಿವೆ ಎಂದು ನನಗೆ ಒಂದು ಬಾರಿಯೂ ಅನ್ನಿಸಿರಲಿಲ್ಲ. ಅಲ್ಲಿ ಅವು ಬರೀ ಅಂಕಿಗಳಾಗಿದ್ದವು.

ಬೀಜ ಬಿದ್ದಿದೆ, ಮೊಳೆತಿದೆ, ಬದುಕಿದೆ. ಹಾಗಾದರೆ ಹುಲ್ಲು ಬಂದು ರಾಶಿ ಬಿದ್ದದ್ದು ಬಿತ್ತಿದ ಮೇಲೆ. ಯಾರು ತಂದು ಹಾಕಿದರು? ಗಾಳಿಯೇ? ಅಂಥ ಗಾಳಿ ಬೀಸಿದ್ದರೆ ನಮ್ಮ ಕೊಟ್ಟಿಗೆಯ ತಗಡೂ ಹಾರಿರಬೇಕಿತ್ತು.

ನೀರಿನ ಬಾಟಲಿ ತಂದ ಅತ್ತಿಗೆ ನಾನು ನೆಲಕ್ಕೆ ಮೂಗು ಹಚ್ಚಿ ಕೂತಿದ್ದನ್ನು ನೋಡಿ, "ಏನೇ, ಕಿವಿಯೋಲೆ ಕಳ್ಕೊಂಡ್ಯಾ?" ಎಂದರು.

"ಅತ್ತಿಗೆ, ಈ ಹುಲ್ಲು ನೋಡಿ. ಎಲ್ಲ ಕಡ್ಡಿಗಳೂ ಒಂದೇ ಕಡೆ ಮುಖ ಮಾಡಿವೆ."

ಅವರು ಬಗ್ಗಿ ನೋಡಿದರು. ಒಂದು ಹಿಡಿ ಎಳೆದರು, ಅದೊಂದೇ ಬರಲಿಲ್ಲ, ಜೊತೆಗೆ ಇನ್ನಷ್ಟು ಹುಲ್ಲು ಸಿಕ್ಕಿಕೊಂಡು ಬಂತು. "ತಲೆ ಬಾಚಿ ಬಾಚಣಿಗೆಯಿಂದ ಗಂಟು ತೆಗೆದು ಎಸೆದ ಹಾಗಿದೆ" ಎಂದರು. ಪಟ್ಟೆಗಳ ಮೇಲೆ ಕಣ್ಣು ಹಾಯಿಸಿದರು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗತೊಡಗಿದರು. ನಗು ನಿಲ್ಲದೆ ಬದುವಿನ ಮೇಲೆ ಕುಳಿತೇ ಬಿಟ್ಟರು.

"ಏನಾಯ್ತು?"

"ನೀನು ಪಟ್ಟಣಕ್ಕೆ ಹೋಗಿದ್ಯಲ್ಲ, ಬಿತ್ತನೆ ಆದ ಮಾರನೇ ದಿನ. ಆವತ್ತು ನಿಮ್ಮಣ್ಣ ಕೊಟ್ಟಿಗೆಯಿಂದ ಹಲಗೆ ತೆಗೀತಿದ್ರು. ಎಲ್ಲಿಗೆ ಅಂದೆ. 'ಪುಟ್ಟಿ ಮರೆತು ಹೋಗಿದ್ದಾಳೆ, ನಾನೇ ಹೊಡೆದು ಬರ್ತೀನಿ' ಅಂದ್ರು."

ಹಲಗೆ ಎಂದರೆ ಒಂದು ಆಳುದ್ದದ ಭಾರದ ಮರದ ತೊಲೆ. ಉತ್ತು ಬಿತ್ತಿದ ಹೊಲದ ಮೇಲೆ ಅದನ್ನು ಎಳೆದರೆ ಹೆಂಟೆ ಒಡೆದು, ಮಣ್ಣು ಮುಚ್ಚಿ, ಕಾಳಿಗೆ ಹದ ಸಿಗುತ್ತದೆ. ನಮ್ಮ ಮನೆಯಲ್ಲಿ ಹಲಗೆ ಎಳೆಯದೆ ಯಾವ ಬಿತ್ತನೆಯೂ ಮುಗಿದದ್ದಿಲ್ಲ. ಅದನ್ನು ಎಳೆಯುವುದು ಸಾಲಿನ ಗುಂಟ, ಹಲಗೆ ಸಾಲಿಗೆ ಅಡ್ಡವಾಗಿರುವಂತೆ. ಅಪ್ಪ ಹಾಗೆ ಮಾಡುತ್ತಿದ್ದರು, ಅಣ್ಣ ಹಾಗೆ ಮಾಡುತ್ತಾನೆ. ಉತ್ತ ಮಣ್ಣಿಗೆ ಒಳ್ಳೆಯದಾದ ಆ ಕೆಲಸವನ್ನು ಅವನು ಹುಲ್ಲಿನ ಮೇಲೆ ಮಾಡಿದ್ದ. ಹಲಗೆ ತನ್ನ ಮುಂದೆ ಹುಲ್ಲನ್ನು ಗುಡಿಸುತ್ತ ಹೋಗಿದೆ. ರಾಶಿ ಹೊರಲಾರದಷ್ಟು ಆದಾಗ ಅದರ ಮೇಲೆ ಹತ್ತಿ ಆಚೆ ಇಳಿದಿದೆ. ಹಗುರಾದ ಮೇಲೆ ಮತ್ತೆ ಗುಡಿಸಿದೆ, ಮತ್ತೆ ಹತ್ತಿದೆ. ಅಷ್ಟೇ. ಆದರೆ ಅದು ಪ್ರತಿ ಸಲವೂ ಹೆಚ್ಚುಕಡಿಮೆ ಅಷ್ಟೇ ದೂರಕ್ಕೆ ಸೋತದ್ದು, ಪ್ರತಿ ಓಟದಲ್ಲೂ ಹಿಂದಿನ ಓಟದ ದಿಬ್ಬಕ್ಕೆ ತಾಗಿಯೇ ಹೊಸ ದಿಬ್ಬ ಬಿಟ್ಟದ್ದು ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಗಾಳಿ ಮರಳಿನ ಮೇಲೆ ಅಲೆ ಬರೆಯುತ್ತದೆ, ಗಾಡಿಗಳು ಮಣ್ಣಿನ ರಸ್ತೆಯನ್ನು ಏಣಿಯಂತೆ ಮಾಡುತ್ತವೆ. ಯಾರೂ ಅಳೆಯದೆ ಅಳತೆ ತಾನಾಗಿ ಬರುತ್ತದೆ.

"ನಿಂತು ಏನು ಧ್ಯಾನ ಮಾಡ್ತಿದ್ದೀಯ? ಹೋಗಿ ಅವರನ್ನ ಕೇಳು" ಎಂದರು ಅತ್ತಿಗೆ.

ಅಣ್ಣ ಕೊಟ್ಟಿಗೆಯ ಮುಂದೆ ಟ್ರ್ಯಾಕ್ಟರಿಗೆ ಗ್ರೀಸ್ ಹಾಕುತ್ತಿದ್ದ. ಹಲಗೆಯ ಮಾತೆತ್ತಿದೊಡನೆ ಮುಖ ಅರಳಿತು.

"ಹೂಂ, ಹೊಡೆದೆ. ನೀನು ಮರೆತೆ ಅಂತ ಯಾರಿಗೂ ಹೇಳಲಿಲ್ಲ ನಾನು."

"ಮರೆತಿರಲಿಲ್ಲ ಅಣ್ಣ. ಹೊಡೀಬಾರದು ಅಂತಲೇ ಬಿಟ್ಟಿದ್ದೆ."

"ಬಿತ್ತಿದ ಹೊಲಾನ ಹಾಗೇ ಬಾಯಿ ತೆರೆದು ಬಿಡೋಕಾಗತ್ತಾ?"

"ಬಾಯಿ ಮುಚ್ಚೋಕೆ ಹುಲ್ಲಿತ್ತಲ್ಲ. ನೀನು ಅದನ್ನ ಒಂದು ಕಡೆ ಎಳೆದು ಇನ್ನೊಂದು ಕಡೆ ಗುಡ್ಡೆ ಹಾಕಿದ್ದೀಯ. ಗುಡ್ಡೆ ಅಡಿ ಮೊಳಕೆ ಉಸಿರು ಕಟ್ಕೊಂಡು ಕೂತಿದೆ."

ಅವನ ಕೈ ನಿಂತಿತು. ಗ್ರೀಸಿನ ಬೆರಳನ್ನು ಬಟ್ಟೆಗೆ ಒರೆಸುತ್ತ, ಒರೆಸಿದ್ದನ್ನೇ ಮತ್ತೆ ಒರೆಸಿದ. ಒಳಗಿನಿಂದ ಅತ್ತಿಗೆ, "ಊಟ ಬಿಟ್ಟು ಬೇಕಾದ್ರೂ ಇರ್ತಾರೆ, ಹಲಗೆ ಹೊಡೀದೆ ಇರಲ್ಲ" ಎಂದು ಕೂಗಿದರು.

"ನೀನು ಸುಮ್ನಿರೇ" ಎಂದು ಅವನು ಆ ಕಡೆಗೆ ಹೇಳಿ ನನ್ನ ಕಡೆ ತಿರುಗಿದ. "ಸರಿ, ನನ್ನದೇ ತಪ್ಪು ಅಂತಿಟ್ಕೋ. ಹಾಗಂತ ಕಾಲ ನಿಲ್ಲತ್ತಾ? ನಾನು ಕೆಡಿಸಿದ್ರೂ ಕೆಟ್ಟದ್ದು ಕೆಟ್ಟದ್ದೇ. ಭಾನುವಾರ ನೋಡ್ತೀನಿ. ಹಸಿರಿದ್ರೆ ಮುಟ್ಟಲ್ಲ. ಇಲ್ಲ ಅಂದ್ರೆ ತಿರುವಿ ಹಾಕ್ತೀನಿ, ನೀನು ಬೇಜಾರು ಮಾಡ್ಕೋಬಾರದು."

ನನಗೆ ಸಿಟ್ಟು ಬಂತು. ಆದರೆ ಅವನ ಮಾತಿನಲ್ಲಿ ತಪ್ಪು ಹುಡುಕಿದಷ್ಟೂ ಸಿಗಲಿಲ್ಲ.

ಮರುದಿನ ಬೆಳಗ್ಗೆ ಹುಲ್ಲೆತ್ತುವ ಕವೆಗೋಲು ಹಿಡಿದು ಮೊದಲ ದಿಬ್ಬ ಬಿಡಿಸಿದೆ. ಬೆಳಕು ಬೇಕು, ಬೆಳಕು ಕೊಡೋಣ ಎಂದು ಹುಲ್ಲನ್ನು ಪೂರ್ತಿ ಎತ್ತಿ ಬದಿಯ ಹಸಿರು ಪಟ್ಟೆಯ ಸಾಲುಗಳ ನಡುವೆ ಹಾಕಿ, ಬಿಳಿ ಮೊಳಕೆಗಳನ್ನು ಬಿಸಿಲಿಗೆ ತೆರೆದಿಟ್ಟೆ. ಮಧ್ಯಾಹ್ನ ನೋಡಿದರೆ ಅವು ಬಿಸಿನೀರು ಹೊಯ್ದ ಹಾಗೆ ನೆಲಕ್ಕೆ ಒರಗಿದ್ದವು. ಸಂಜೆಗೂ ಏಳಲಿಲ್ಲ. ಕತ್ತಲಲ್ಲಿ ಬೆಳೆದ ಮೊಳಕೆಗೆ ಬೆಳಕು ಎಷ್ಟು ಬೇಕೋ ನೆರಳೂ ಅಷ್ಟೇ ಬೇಕು ಎಂದು ಯೋಚಿಸದೆ ಹೋದೆ. ಪ್ರಯೋಗಾಲಯದಲ್ಲಿ ನಾವು ಕಪಾಟಿನ ಬಾಗಿಲು ತೆರೆಯುತ್ತಿದ್ದದ್ದು ಎಣಿಸುವುದಕ್ಕೆ, ಬದುಕಿಸುವುದಕ್ಕಲ್ಲ.

ಅದೇ ಹೊತ್ತಿಗೆ ಕೂರಿಗೆಯವನು ಮೋಟಾರ್ ಸೈಕಲ್ಲಿನಲ್ಲಿ ಬಂದಿಳಿದ. ದಾರಿಯುದ್ದಕ್ಕೂ ಉತ್ತರ ಸಿದ್ಧಮಾಡಿಕೊಂಡು ಬಂದಂತಿತ್ತು. ನಾನು ಹಲಗೆಯ ಕತೆ ಹೇಳಿದಾಗ ಅದೆಲ್ಲ ವ್ಯರ್ಥವಾಯಿತಲ್ಲ ಎಂದು ಅವನಿಗೆ ಬೇಸರವೇ ಆಯಿತು.

"ಅಂದ್ರೆ ನನ್ನ ಯಂತ್ರದ ಮೇಲೆ ಹಾಕಿದ ಅಪವಾದ?"

"ವಾಪಸ್ ತಗೊಂಡೆ. ತಪ್ಪಾಯ್ತು."

"ಫೋನಲ್ಲಿ ಜೋರಾಗಿ ಹೇಳಿದ್ರಿ, ವಾಪಸ್ ತಗೊಳ್ಳೋವಾಗ ಮೆಲ್ಲಗೆ ಹೇಳ್ತೀರಲ್ಲ ಅಕ್ಕಾ."

ಬದುವಿನ ಮೇಲೆ ನಿಂತು ಕಾಲುವೆಯ ಆಚೆಗೂ ಕೇಳುವಂತೆ ಕೂಗಿ ಹೇಳಿದೆ. ಅವನು ತೃಪ್ತಿಯಿಂದ ತಲೆದೂಗಿದ. ಬಾಡಿದ ಮೊಳಕೆ ನೋಡಿ, ಇಂಥದ್ದನ್ನು ತಾನೂ ಕಂಡಿಲ್ಲ, ಹುಲ್ಲಿನ ಮೇಲೆ ಹಲಗೆ ಎಳೆದವರು ಈವರೆಗೆ ತನಗೆ ಸಿಕ್ಕಿಲ್ಲ ಎಂದ. ಏನು ಮಾಡಬೇಕೆಂದು ಅವನಿಗೂ ತಿಳಿಯದು. ಹಾಗಾಗಿ ಇಬ್ಬರೂ ಸೇರಿ ಊಹಿಸಿದೆವು. ಒಂದು ದಿಬ್ಬವನ್ನು ಸಂಜೆ ಬಿಸಿಲಿಳಿದ ಮೇಲೆ ಅರ್ಧದಷ್ಟು ಮಾತ್ರ ತೆಳುಮಾಡುವುದು, ಇನ್ನೊಂದನ್ನು ಹಾಗೇ ಬಿಡುವುದು, ಮರುದಿನ ಎರಡನ್ನೂ ನೋಡುವುದು. ಹೋಗುವಾಗ, "ಬದುಕಿದ್ರೆ ನನಗೂ ಫೋನ್ ಮಾಡಿ ಹೇಳಿ. ಬೈಯೋಕೆ ಮಾತ್ರ ಮಾಡ್ಬೇಡಿ" ಎಂದ.

ತೆಳುಮಾಡಿದ ಪಟ್ಟೆಯಲ್ಲಿ ಮರುದಿನ ಬೆಳಗ್ಗೆ ಬದಲಾವಣೆ ಕಾಣಲಿಲ್ಲ. ಮಧ್ಯಾಹ್ನ ಹುಲ್ಲಿನ ಸಂದಿಯಲ್ಲಿ ನೋಡಿದಾಗ ಮೊಳಕೆಯ ತುದಿ ನಿಂಬೆಯ ಬಣ್ಣಕ್ಕೆ ತಿರುಗಿತ್ತು. ಸಂಜೆಗೆ, ಮುಟ್ಟದೆ ಬಿಟ್ಟ ದಿಬ್ಬದಡಿ ಎಲ್ಲ ಇನ್ನೂ ಬೆಳ್ಳಗೇ ಇದ್ದಾಗ, ಇಲ್ಲಿ ಮೊದಲ ಎಲೆ ತನ್ನ ಬಿಳಿ ಪೊರೆಯನ್ನು ಸೀಳಿ ಹೊರಗೆ ಬಂದಿತ್ತು. ಆ ಹಸಿರು ಮೊದಲು ತುದಿಗೆ ಬರುತ್ತದೋ, ಎಲ್ಲ ಕಡೆಗೂ ಒಟ್ಟಿಗೇ ಬರುತ್ತದೋ ಎಂದು ನೋಡಬೇಕೆಂದು ಕುಳಿತಿದ್ದೆ. ಕುಳಿತಿರುವಾಗಲೇ ಬಂದುಬಿಟ್ಟಿತ್ತು, ಯಾವಾಗ ಎಂದು ತಿಳಿಯಲಿಲ್ಲ.

ಅಲ್ಲಿಂದ ಭಾನುವಾರದವರೆಗೆ ಅತ್ತಿಗೆ ಮತ್ತು ನಾನು ಸಂಜೆ ಸಂಜೆ ಹುಲ್ಲು ಬಿಡಿಸಿದೆವು. ದಿಬ್ಬದಿಂದ ಎತ್ತಿ ಹುಲ್ಲಿಲ್ಲದ ಹಸಿರು ಪಟ್ಟೆಗಳಲ್ಲಿ, ಸಾಲುಗಳ ನಡುವೆ ಹರಡುವುದು. ಕವೆಗೋಲಿನ ಮೊನೆ ಮೊಳಕೆಗೆ ತಾಗದಂತೆ ಮೇಲ್ಮೇಲೆ ಎತ್ತಬೇಕು, ಸಿಕ್ಕು ಬಿಡಿಸುವಾಗ ಎಳೆಯಬಾರದು. ಹುಲ್ಲಿನ ಧೂಳಿಗೆ ತೋಳೆಲ್ಲ ತುರಿಸುತ್ತಿತ್ತು. ಅತ್ತಿಗೆಗೆ ಬೇಗ ಕೈ ಕುದುರಿತು. "ನನ್ನ ಮದುವೇಲಿ ಜಡೆ ಬಿಡಿಸಿದ್ದೂ ಇಷ್ಟು ಜೋಪಾನವಾಗಿ ಅಲ್ಲ" ಎನ್ನುತ್ತ ನನಗಿಂತ ಒಂದು ಪಟ್ಟೆ ಮುಂದಿರುತ್ತಿದ್ದರು. ಹುಲ್ಲಿಲ್ಲದ ಪಟ್ಟೆಯ ಮಣ್ಣು ಬಿಸಿಲಿಗೆ ಬಿರಿಯತೊಡಗಿತ್ತು, ದಿಬ್ಬದಡಿಯ ಮಣ್ಣು ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟುತ್ತಿತ್ತು. ಒಂದೇ ಹೊಲ, ಒಂದೇ ಮಣ್ಣು. ಅಣ್ಣನ ಹಲಗೆ ತನಗರಿವಿಲ್ಲದೆ ಹುಲ್ಲಿರುವ ನೆಲ, ಇಲ್ಲದ ನೆಲಗಳ ಹದ ಹೋಲಿಸಲು ನಾನು ಮಾಡಬೇಕೆಂದಿದ್ದ ಪ್ರಯೋಗವನ್ನೇ ನನಗಿಂತ ಅಚ್ಚುಕಟ್ಟಾಗಿ ಹೂಡಿಟ್ಟಿತ್ತು. ಅದನ್ನು ಅವನಿಗೆ ಹೇಳಬಾರದು ಎಂದು ಅತ್ತಿಗೆ ಎಚ್ಚರಿಸಿದರು. ಹೇಳಿದರೆ ತಾನೇ ಬೇಕೆಂದು ಮಾಡಿದ್ದು ಎಂದು ಊರೆಲ್ಲ ಹೇಳಿಕೊಂಡು ಬರುತ್ತಾನಂತೆ.

ಶನಿವಾರ ಸಂಜೆಗೂ ಕೆಲಸ ಮುಗಿಯಲಿಲ್ಲ. ಕಾಲುವೆಯ ಬದಿಯ ಕೆಲವು ದಿಬ್ಬಗಳು ಉಳಿದವು.

ಭಾನುವಾರ ಬೆಳಗ್ಗೆ ಅಣ್ಣ ರೋಟವೇಟರ್ ಕಟ್ಟಿಕೊಂಡೇ ಬಂದ. ಟ್ರ್ಯಾಕ್ಟರನ್ನು ಹೊಲದ ಬಾಯಿಯಲ್ಲಿ ನಿಲ್ಲಿಸಿ, ಎಂಜಿನ್ ಆರಿಸದೆ ಇಳಿದ. ನೋಡುವುದು ಅವನ ಕೆಲಸ ಎಂದು ನಾನು ಬದಿಗೆ ಸರಿದೆ. ಅವನು ಬದುವಿನ ಮೇಲೆ ನಿಂತು ನೋಡಿದ. ಬಿಡಿಸಿದ ಭಾಗದಲ್ಲಿ ಹುಲ್ಲಿನ ಮಸುಕು ಹಳದಿಯ ಮೇಲೆ ತೆಳು ಹಸಿರು ಹರಡಿತ್ತು, ಪಕ್ಕದ ಹೊಲಗಳ ಗಟ್ಟಿ ಹಸಿರಿನಂತಲ್ಲ.

"ಬಣ್ಣ ಸಾಲದು" ಎಂದ.

"ಸಾಲದು" ಎಂದೆ. "ಹತ್ತಿರ ಹೋಗಿ ನೋಡು."

ಒಳಗೆ ನಡೆದು ಕುಕ್ಕರಗಾಲಲ್ಲಿ ಕುಳಿತ. ಒಂದು ಗಿಡವನ್ನು ಬುಡಸಮೇತ ಕಿತ್ತು ಬೇರು ನೋಡಿದ. ಅದು ಹೊಸದಾಗಿ ಹಸಿರಾದ ಪಟ್ಟೆಯದು. ಬೇರು ಉದ್ದವಾಗಿತ್ತು, ತುದಿಗೆ ಒದ್ದೆ ಮಣ್ಣು ಅಂಟಿತ್ತು. ಬೆರಳಿನಿಂದ ನೆಲವನ್ನು ಒತ್ತಿದ, ಇನ್ನೊಂದು ಕಡೆ ಒತ್ತಿದ.

"ಇಲ್ಲಿ ಯಾಕೆ ಇನ್ನೂ ಹದ ಇದೆ? ನಾವು ನೀರೇ ಬಿಟ್ಟಿಲ್ಲ."

ಅತ್ತಿಗೆ ನನ್ನ ಕಡೆ ನೋಡಿದರು. ನಾನು ಕವೆಗೋಲನ್ನು ಅವನ ಕೈಗೆ ಕೊಟ್ಟು ಉಳಿದ ದಿಬ್ಬಗಳ ಕಡೆ ತೋರಿಸಿದೆ. ಅವನು ಹೋಗಿ ಒಂದನ್ನು ಎತ್ತಿದ. ಅಡಿಯಲ್ಲಿ ಬಿಳಿ ಮೊಳಕೆಗಳನ್ನು ಕಂಡು, "ಅಯ್ಯೋ" ಎಂದು ಹುಲ್ಲನ್ನು ತಟ್ಟನೆ ಮತ್ತೆ ಮುಚ್ಚಿದ, ಬಟ್ಟೆ ಬದಲಿಸುವವರ ಕೋಣೆಯ ಬಾಗಿಲು ತೆರೆದವನ ಹಾಗೆ. ಆಮೇಲೆ ಮೆಲ್ಲಗೆ, ಒಂದು ಪದರ ಮಾತ್ರ ತೆಗೆದ.

ಮುಂದಿನ ದಿಬ್ಬಕ್ಕೆ ಹೋದ. ಅದನ್ನು ಎತ್ತಿ ಬಹಳ ಹೊತ್ತು ಬಗ್ಗಿಯೇ ನಿಂತ.

"ಪುಟ್ಟಿ, ಇಲ್ಲಿ ಬಾ. ಇದರಲ್ಲಿ ಸತ್ತಿವೆ."

ಹೋಗಿ ನೋಡಿದೆ. ನಿಜ. ಆ ದಿಬ್ಬದಡಿ ಮೊಳಕೆಗಳು ಕಂದಿ ಕೊಳೆತಿದ್ದವು.

"ಆ ಗುಡ್ಡೆ ಅಡಿ ಬದುಕಿವೆ, ಇದರಡಿ ಸತ್ತಿವೆ. ಎರಡೂ ಅಷ್ಟೇ ದಪ್ಪ ಇವೆ. ಯಾಕೆ?"

"ಗೊತ್ತಿಲ್ಲ" ಎಂದೆ. ನಿಜಕ್ಕೂ ಗೊತ್ತಿರಲಿಲ್ಲ.

"ಓದಿದವಳು, ಗೊತ್ತಿಲ್ಲ ಅಂದ್ರೆ?"

"ಕಾಲುವೆ ನೀರು ಜಿನುಗಿ ನಿಂತಿರಬಹುದು. ಇಲ್ಲಿ ನೆಲ ತಗ್ಗು."

"ತಗ್ಗು ಇಲ್ಲಿಲ್ಲ, ಅಲ್ಲಿ. ಈ ಹೊಲದಲ್ಲಿ ನಾನು ಹುಟ್ಟಿದಾಗಿನಿಂದ ಓಡಾಡ್ತಿದ್ದೀನಿ" ಎಂದು ಅವನು ಕೈಯಿಂದ ಮಣ್ಣು ಬಗೆಯತೊಡಗಿದ. ಕೂರಿಗೆಯ ಸೀಳು ಸಿಕ್ಕಿತು. ಅದರೊಳಗೆ ಬೆರಳು ತೂರಿಸಿ, ಆಳವನ್ನು ಉಗುರಿನಿಂದ ಗುರುತು ಹಿಡಿದು, ಬದುಕಿದ ದಿಬ್ಬಕ್ಕೆ ಹೋಗಿ ಅಲ್ಲಿಯೂ ಹಾಗೆಯೇ ಅಳೆದ. ಎರಡೂ ಸಮವಾಗಿದ್ದವು. ಅವನ ಹುಬ್ಬು ಗಂಟಿಕ್ಕಿತು. ಮೂರನೆಯ ದಿಬ್ಬವನ್ನು ಬಿಡಿಸತೊಡಗಿದ. ನಾನೂ ಅವನ ಎದುರು ಕುಳಿತೆ. ಹುಲ್ಲು ಒದ್ದೆಯಾಗಿದ್ದಾಗ ಎಳೆದದ್ದಿರಬಹುದೇ ಎಂದು ಅವನು ಕೇಳಿದ. ಹಲಗೆ ಎಳೆದದ್ದು ಯಾವ ಕಡೆಯಿಂದ, ಇಬ್ಬನಿ ಆರಿತ್ತೇ ಎಂದು ನಾನು ಕೇಳಿದೆ. ನೆನಪು ಮಾಡಿಕೊಳ್ಳುವುದಕ್ಕೆ ಕಣ್ಣು ಮುಚ್ಚಿದ.

ಹೊಲದ ಬಾಯಿಯಲ್ಲಿ ಟ್ರ್ಯಾಕ್ಟರ್ ಗುಡುಗುಡು ಎನ್ನುತ್ತಲೇ ಇತ್ತು. ಅತ್ತಿಗೆ ಸ್ವಲ್ಪ ಹೊತ್ತು ಸೊಂಟದ ಮೇಲೆ ಕೈಯಿಟ್ಟು ನಮ್ಮಿಬ್ಬರನ್ನೂ ನೋಡಿದರು.

"ರೀ, ಇದನ್ನ ಆರಿಸಲಾ? ಸುಮ್ನೆ ಡೀಸೆಲ್ ದಂಡ."

ಅಣ್ಣ ತಲೆ ಎತ್ತಲಿಲ್ಲ. "ಹೂಂ, ಆರಿಸು" ಎಂದ. "ಬರೋವಾಗ ಇನ್ನೊಂದು ಕವೆಗೋಲು ತಗೊಂಡು ಬಾ."